ಸತ್ತವರ ಸೊತ್ತು ಕೈಗೆ ಬಂದಾಗ
(ಜುಮಾ ಖುತ್ಬಾದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು, ಸಂಗಾತಿಗಳ ಮೇಲೂ ಶಾಂತಿ ಇರಲಿ.

ಸೇಡಂ, ಚಿಂಚೋಳಿಯ ತೊಗರಿ ಹೊಲ, ಶಹಾಬಾದ್, ಚಿತ್ತಾಪುರದ ಕಡೆ ಫರ್ಸಿ ಕಲ್ಲಿನ ವ್ಯಾಪಾರ, ವಾಡಿಯ ಸಿಮೆಂಟ್ ಕಾರ್ಖಾನೆಯ ದುಡಿಮೆಯಿಂದ ಬಂದ ಪಿ.ಎಫ್. ಹಣ. ನಮ್ಮ ಭಾಗದಲ್ಲಿ ಒಬ್ಬ ತಂದೆ ಬಿಟ್ಟುಹೋಗುವುದು ಹೆಚ್ಚಾಗಿ ಇಂಥದ್ದೇ. ಅದನ್ನು ನೋಡಿಕೊಳ್ಳಲು ಆತ ಬದುಕಿದ್ದಾಗಲೇ ಒಬ್ಬರನ್ನು ನೇಮಿಸಿದ್ದರೆ, ಅವರನ್ನು ಶರೀಅತ್ ‘ವಸೀ’ ಎನ್ನುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಅಂಥ ನೇಮಕವೇ ಇರುವುದಿಲ್ಲ. ಹಿರಿಯ ಮಗನೋ ಚಿಕ್ಕಪ್ಪನೋ ಪಹಣಿ, ಪಾಸ್‌ಬುಕ್, ಬೀಗದ ಕೈ ತಮ್ಮ ಬಳಿ ಇಟ್ಟುಕೊಳ್ಳುತ್ತಾರೆ. ಹೆಸರು ಏನೇ ಇರಲಿ, ಕೈಗೆ ಬಂದದ್ದು ಅಮಾನತು. ಅದಕ್ಕೆ ಲೆಕ್ಕ ಕೊಡಲೇಬೇಕು.

ಈ ಹೊಣೆ ಹೇಗಿರಬೇಕೆಂಬುದನ್ನು ಹಝ್ರತ್ ಝುಬೈರ್(ರ)ರ ಮನೆಯಿಂದ ಕಲಿಯೋಣ. ಹಿಜ್‌ರಿ 36ರಲ್ಲಿ, ಕೊಲೆಯಾಗುವ ದಿನ, ಅವರು ಮಗ ಅಬ್ದುಲ್ಲಾಹ್(ರ)ರನ್ನು ಕರೆದು ಮೊದಲು ಹೇಳಿದ್ದು ಸಾಲದ ಮಾತು. ಜನ ಅಮಾನತು ಇಡಲು ಬಂದರೆ, ಅದು ಕಳೆದುಹೋದೀತೆಂದು ಹೆದರಿ, ಸಾಲವಾಗಿಯೇ ಪಡೆಯುತ್ತಿದ್ದವರು ಅವರು. ಲೆಕ್ಕ ಹಾಕಿದಾಗ ಸಾಲ 22 ಲಕ್ಷವಿತ್ತೆಂದು ಸಹೀಹ್ ಬುಖಾರಿಯಲ್ಲಿದೆ. ಕೈಯಲ್ಲಿ ನಗದು ಇರಲಿಲ್ಲ. ಇದ್ದದ್ದು ಜಮೀನು, ಮನೆಗಳು. ಅಬ್ದುಲ್ಲಾಹ್(ರ) ಜಮೀನು ಮಾರಿ ಸಾಲ ತೀರಿಸಿದರು. ಆಗ ಒಡಹುಟ್ಟಿದವರು ಪಾಲು ಕೇಳಿದರು. ಅವರು ಕೊಡಲಿಲ್ಲ. ಸತತ ನಾಲ್ಕು ವರ್ಷ ಹಜ್ಜ್ ಸಮಯದಲ್ಲಿ, ತಂದೆಯಿಂದ ಬರಬೇಕಾದದ್ದು ಯಾರಿಗಾದರೂ ಇದ್ದರೆ ಬನ್ನಿ ಎಂದು ಸಾರಿಸಿದರು. ಆಮೇಲೆಯೇ ಪಾಲು ಹಂಚಿದರು.

ನಮ್ಮಲ್ಲಿ ಏನಾಗುತ್ತಿದೆ? ಹೊಲದ ಮಾತು ಮೊದಲು ಬರುತ್ತದೆ; ಕಿರಾಣಿ ಅಂಗಡಿಯ ಉದ್ರಿ, ಸ್ನೇಹಿತನಿಂದ ತಂದ ಕೈಗಡ ಯಾರಿಗೂ ನೆನಪಾಗುವುದಿಲ್ಲ. ಸೂರಃ ಅನ್ನಿಸಾದ 11 ಮತ್ತು 12ನೇ ವಚನಗಳಲ್ಲಿ, ಪಾಲು ಹಂಚುವುದು ವಸಿಯ್ಯತ್ ಮತ್ತು ಸಾಲ ತೀರಿದ ಮೇಲೆ ಎಂದು ಅಲ್ಲಾಹನು ಮತ್ತೆ ಮತ್ತೆ ತಿಳಿಸಿದ್ದಾನೆ. ಕ್ರಮ ಹೀಗಿದೆ: ಮೊದಲು ಕಫನ್-ದಫನ್ ಖರ್ಚು, ನಂತರ ಸಾಲ, ನಂತರ ಮೂರನೇ ಒಂದು ಭಾಗ ಮೀರದ ವಸಿಯ್ಯತ್, ಕೊನೆಗೆ ವಾರೀಸುದಾರರ ಪಾಲು.

ಕೊಡದೆ ಉಳಿದ ಮಹರ್ ಕೂಡ ಸಾಲವೇ. ಜನಾಝಾದ ಮುಂದೆ ಅಳುತ್ತಿರುವ ಹೆಣ್ಣುಮಗಳ ಬಾಯಿಂದ ‘ಮಾಫ್ ಮಾಡಿದೆ’ ಎಂದು ಹೇಳಿಸುವ ಪದ್ಧತಿ ಬಿಡಬೇಕು. ಮನಸ್ಸಿಲ್ಲದ ಮಾಫಿ ಮಾಫಿಯಲ್ಲ.

ಸಹೋದರರೇ, ಯತೀಮರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅನ್ಯಾಯವಾಗಿ ಯತೀಮರ ಸೊತ್ತು ತಿನ್ನುವವರು ಹೊಟ್ಟೆಗೆ ಬೆಂಕಿಯನ್ನೇ ತುಂಬಿಕೊಳ್ಳುತ್ತಾರೆಂದು ಕುರ್‌ಆನ್ ಎಚ್ಚರಿಸಿದೆ. ಜಿಯಾರತ್, ಚಾಲೀಸ್ವಾಂ ಎಂದು ಮಾಡುವ ಊಟದ ಖರ್ಚನ್ನು ಚಿಕ್ಕ ಮಕ್ಕಳ ಪಾಲಿನಿಂದ ತೆಗೆಯಬಾರದು. ತಂದೆಯ ವಸಿಯ್ಯತ್ ಇಲ್ಲದೆ, ಕೋರ್ಟಿನ ನೇಮಕವೂ ಇಲ್ಲದೆ ಚಿಕ್ಕಪ್ಪನೋ ಅಣ್ಣನೋ ಆ ಮಕ್ಕಳ ಪಾಲಿನ ಜಮೀನು ಮಾರಿದರೆ ಅದು ನಿಲ್ಲುವುದಿಲ್ಲ. 1918ರಲ್ಲಿ ಪ್ರಿವಿ ಕೌನ್ಸಿಲ್, 1952ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿವೆ.

ಬ್ಯಾಂಕಿನಲ್ಲಿ ‘ನಾಮಿನಿ’ ಎಂದು ಹೆಸರಿದ್ದರೆ ಹಣವೆಲ್ಲ ತನ್ನದೇ ಎಂದು ಕೆಲವರು ತಿಳಿಯುತ್ತಾರೆ. ನಾಮಿನಿ ಬ್ಯಾಂಕಿನಿಂದ ಹಣ ಪಡೆಯಬಹುದು, ಮಾಲೀಕನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತಿಳಿಸಿದೆ. ಆ ಹಣ ಎಲ್ಲ ವಾರೀಸುದಾರರದು.

ಅಕ್ಕ-ತಂಗಿಯರ ಪಾಲಿನ ಮಾತು ಬಂದಾಗ, ಮದುವೆಯಲ್ಲಿ ಕೊಟ್ಟಾಗಿದೆಯಲ್ಲ ಎನ್ನುತ್ತೇವೆ. ಮದುವೆಯ ಖರ್ಚಿನಿಂದ ಅಲ್ಲಾಹನು ನಿಗದಿ ಮಾಡಿದ ಪಾಲು ಅಳಿಯುವುದಿಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಆಕೆ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ, ಕಚೇರಿಯಲ್ಲಿ ಕೆಲಸ ಮುಗಿದೀತು. ಅಲ್ಲಾಹನ ಬಳಿ ಲೆಕ್ಕ ಮುಗಿಯುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ದಫನ್ ಆದ ಕೆಲವೇ ದಿನಗಳಲ್ಲಿ ಇಬ್ಬರು ಸಾಕ್ಷಿಗಳ ಮುಂದೆ ಸೊತ್ತು, ಸಾಲ ಎರಡನ್ನೂ ಬರೆಯಿರಿ. ಬಾಕಿ ಇದ್ದವರು ತಿಳಿಸಲಿ ಎಂದು ಮಸೀದಿಯಲ್ಲಿ ಸಾರಿಸಿ. ಸತ್ತವರ ಹಣವನ್ನು ನಿಮ್ಮ ಹಣದೊಂದಿಗೆ ಬೆರೆಸಬೇಡಿ. ಪ್ರತಿ ಖರ್ಚಿಗೂ ಚೀಟಿ ಇಡಿ, ಹೆಣ್ಣುಮಕ್ಕಳಿಗೂ ಲೆಕ್ಕ ತೋರಿಸಿ. ಯತೀಮರ ಸೊತ್ತು ನೋಡುವವರು ಉಳ್ಳವರಾದರೆ ಅದರಿಂದ ಏನನ್ನೂ ತೆಗೆದುಕೊಳ್ಳಬಾರದು, ಬಡವರಾದರೆ ನ್ಯಾಯವಾದಷ್ಟೇ ತೆಗೆದುಕೊಳ್ಳಬಹುದು, ಒಪ್ಪಿಸುವಾಗ ಸಾಕ್ಷಿ ಇರಬೇಕು ಎಂಬುದು ಸೂರಃ ಅನ್ನಿಸಾದ 6ನೇ ವಚನದ ಆದೇಶ.

ಈ ಹೊಣೆ ಎಲ್ಲರಿಗೂ ಅಲ್ಲ. ಹಝ್ರತ್ ಅಬೂ ಝರ್(ರ)ರಂಥ ಸಜ್ಜನರಿಗೇ ಪ್ರವಾದಿ(ಸ)ರು, ಯತೀಮರ ಸೊತ್ತಿನ ಹೊಣೆ ಹೊರಬೇಡಿ ಎಂದಿದ್ದರು. ನಿಭಾಯಿಸಲು ಆಗದವರು ಹೊಣೆ ಒಪ್ಪಿಸುವವರು ಬದುಕಿರುವಾಗಲೇ ಆಗದು ಎನ್ನಲಿ. ಒಪ್ಪಿಕೊಂಡವರು ಕೊನೆಯ ಪೈಸೆಯವರೆಗೂ ಮುಟ್ಟಿಸಲಿ.

ಮನೆಯವರು ಸಂಕೋಚದಿಂದ ಲೆಕ್ಕ ಕೇಳದಿರಬಹುದು. ಕೇಳುವವನು ಅಲ್ಲಾಹನಿದ್ದಾನೆ. ಅಮಾನತನ್ನು ಹಕ್ಕುದಾರರಿಗೆ ತಲುಪಿಸುವ ತೌಫೀಕನ್ನು ಆತ ನಮಗೆಲ್ಲ ದಯಪಾಲಿಸಲಿ. ಆಮೀನ್.