ಸೈಕಲ್ ತುಳಿದು ಊರಿಗೆ ಹೋದವರು



ಕಲ್ಯಾಣ ಜಂಕ್ಷನ್ ಬಿಟ್ಟ ಮೇಲೆ ರೈಲು ಹಳಿ ಎರಡಾಗಿ ಕವಲೊಡೆಯುವುದನ್ನು ನೀವು ನೋಡಿಯೇ ಇರುತ್ತೀರಿ. ಎಡಕ್ಕೆ ಹೊರಳಿದರೆ ಕಸಾರಾ, ಇಗತ್‌ಪುರಿ, ನಾಸಿಕ್, ಅದರಾಚೆ ಉತ್ತರ ಪ್ರದೇಶ, ಬಿಹಾರ. ಬಲಕ್ಕೆ ಹೊರಳಿದರೆ ಕರ್ಜತ್, ಪುಣೆ, ಸೋಲಾಪುರ, ನಮ್ಮ ಕಲಬುರಗಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಈ ಕವಲು ದಾಟಿತೆಂದರೆ ಸಾಕು, ಅರ್ಧ ಊರು ತಲುಪಿದೆವು ಎಂದು ತಿಂಡಿಯ ಡಬ್ಬಿ ಬಿಚ್ಚುವ ಜನ ನಾವು. 2020ರ ಮಾರ್ಚ್ ಕೊನೆಯಲ್ಲಿ ಎರಡೂ ಹಳಿಗಳ ಮೇಲೆ ಪ್ರಯಾಣಿಕರ ರೈಲು ನಿಂತುಹೋಯಿತು. 24ನೇ ತಾರೀಖು ರಾತ್ರಿ ಎಂಟಕ್ಕೆ ಘೋಷಣೆ, ಹನ್ನೆರಡಕ್ಕೆ ಲಾಕ್‌ಡೌನ್. ನಡುವೆ ಸಿಕ್ಕಿದ್ದು ನಾಲ್ಕು ಗಂಟೆ.

ಆ ದಿನಗಳಲ್ಲಿ ನಾನು ಮೈಕಿನ ಮುಂದೆ ಕೂತು ದಿನಕ್ಕೆ ಎಷ್ಟು ಸಲ "ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ" ಎಂದಿದ್ದೇನೋ ಲೆಕ್ಕವಿಲ್ಲ. ಬರೆದುಕೊಟ್ಟ ಸಾಲು, ಓದುತ್ತಿದ್ದೆ. ಒಮ್ಮೆ ಒಬ್ಬರು ಫೋನ್ ಮಾಡಿದರು. ಹೆಸರು ಹೇಳಲಿಲ್ಲ. ಮಾತಿನ ಧಾಟಿ ಯಾದಗಿರಿ ಕಡೆಯದು. ಗಾರೆ ಕೆಲಸ, ವಾಸ ಕಲ್ಯಾಣದ ಆಚೆ ಎಲ್ಲೋ ಕಟ್ಟುತ್ತಿದ್ದ ಕಟ್ಟಡದ ಶೆಡ್ಡಿನಲ್ಲಿ. ಯಾವ ಹಾಡು ಬೇಕು ಎಂದು ನಾನು ಅಭ್ಯಾಸಬಲದಿಂದ ಕೇಳಿಬಿಟ್ಟೆ. "ಹಾಡು ಬ್ಯಾಡ್ರಿ. ನಿಪ್ಪಾಣಿ ಹತ್ರ ಕೊಗನೊಳ್ಳಿ ನಾಕಾ ಬಿಟ್ಟಾರೇನ್ರಿ? ನಮ್ಮ ಕಡೆ ಸೈಕಲ್ ಐತಿ" ಎಂದರು. ಕಲ್ಯಾಣದಿಂದ ಅಲ್ಲಿಗೆ ನಾನೂರು ಕಿಲೋಮೀಟರಿನ ಆಸುಪಾಸು. ನನಗೆ ಉತ್ತರ ಗೊತ್ತಿರಲಿಲ್ಲ. ಸಹಾಯವಾಣಿಗೆ ಕರೆ ಮಾಡಿ ಎಂದೆ. ಅದನ್ನೂ ಬರೆದೇ ಕೊಟ್ಟಿದ್ದರು.

ಸೈಕಲ್ಲಿನ ಮಾತು ಆಗ ಹೊಸದೇನಲ್ಲ. ದುರ್ಗಾಡಿ ಸೇತುವೆ ದಾಟಿದರೆ ಭಿವಂಡಿ, ಪವರ್‌ಲೂಮ್‌ಗಳ ಊರು. ಮಗ್ಗ ನಿಂತ ಮೇಲೆ ಕೂಲಿ ನಿಂತಿತು, ಕೂಲಿ ನಿಂತ ಮೇಲೆ ಖಾನಾವಳಿಯ ಊಟ ನಿಂತಿತು. ಜನ ಮುಂಬಯಿ-ಆಗ್ರಾ ರಸ್ತೆ ಹಿಡಿದರು. ಕೆಲವರು ನಡೆದು, ಕೆಲವರು ಟ್ರಕ್ಕುಗಳಲ್ಲಿ, ಕೆಲವರು ಸೈಕಲ್ ಮೇಲೆ. ಪಡಘಾ, ಶಹಾಪುರ, ಆಮೇಲೆ ಕಸಾರಾ ಘಾಟಿ. ನಮ್ಮ ಹುಡುಗರು ಮಳೆಗಾಲದಲ್ಲಿ ಗೇರ್ ಸೈಕಲ್ಲಿನಲ್ಲಿ ಮೋಜಿಗೆ ಏರುವ ಘಾಟಿ ಅದು. ಕ್ಯಾರಿಯರ್ ಮೇಲೆ ಸಂಸಾರವನ್ನೇ ಕಟ್ಟಿಕೊಂಡವರು ಅದನ್ನು ತುಳಿದು ಏರುವುದು ಉಂಟೇ? ಇಳಿದು ತಳ್ಳಬೇಕು, ಅದೂ ಮೇ ತಿಂಗಳ ಬಿಸಿಲಿನಲ್ಲಿ. ಪಂಕ್ಚರ್ ಆದರೆ ಅಂಗಡಿಗಳಿಗೆ ಬೀಗ. ಭಿವಂಡಿಯಿಂದ ಗೋರಖಪುರ ಸಾವಿರದೈನೂರು ಕಿಲೋಮೀಟರಿಗೂ ಹೆಚ್ಚು.

ದೇಶಕ್ಕೆಲ್ಲ ಗೊತ್ತಾದದ್ದು ಜ್ಯೋತಿ ಕುಮಾರಿಯ ಸವಾರಿ. ಹದಿನೈದರ ಹುಡುಗಿ, ಗಾಯಗೊಂಡ ತಂದೆಯನ್ನು ಹಿಂದೆ ಕೂರಿಸಿಕೊಂಡು ಗುರುಗ್ರಾಮದಿಂದ ಬಿಹಾರದ ದರ್ಭಂಗಾವರೆಗೆ ಸುಮಾರು 1,200 ಕಿಲೋಮೀಟರ್ ತುಳಿದಳು. ಸೈಕ್ಲಿಂಗ್ ಫೆಡರೇಷನ್ನಿನವರು ಆಯ್ಕೆ ಪರೀಕ್ಷೆಗೆ ಬಾ ಎಂದರು. ಅಮೆರಿಕದಿಂದ ಇವಾಂಕಾ ಟ್ರಂಪ್ ಹೊಗಳಿದರು. ಹೊಗಳಿಕೆ ಸುಳ್ಳಲ್ಲ, ಹುಡುಗಿ ಗಟ್ಟಿಗಿತ್ತಿಯೇ. ಆದರೆ ಅದನ್ನು ಕ್ರೀಡಾ ಸುದ್ದಿ ಮಾಡಿಬಿಟ್ಟೆವಲ್ಲ, ಅದು ನನಗೆ ಇಂದಿಗೂ ಸರಿ ಕಾಣುವುದಿಲ್ಲ. ಆಕೆ ತುಳಿದದ್ದು ಪದಕಕ್ಕಲ್ಲ. ಬಸ್ಸಿರಲಿಲ್ಲ, ರೈಲಿರಲಿಲ್ಲ.

ಹಕ್ಕು ಎಲ್ಲಿತ್ತು ಎಂದು ನೀವು ಕೇಳಬಹುದು. ಕಾಗದದಲ್ಲಿ ಇತ್ತು. 1979ರಷ್ಟು ಹಿಂದೆಯೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದಿತ್ತು. ಊರು ಬಿಟ್ಟು ಬಂದದ್ದಕ್ಕೆ ಭತ್ಯೆ: ತಿಂಗಳ ಕೂಲಿಯ ಅರ್ಧ ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದು. ಊರಿಂದ ಬಂದು ಹೋಗುವ ಪ್ರಯಾಣಕ್ಕೆ ಪ್ರತ್ಯೇಕ ಭತ್ಯೆ. ಆದರೆ ಇದೆಲ್ಲ ಗುತ್ತಿಗೆದಾರನೊಬ್ಬ ಕರೆತಂದವರಿಗೆ ಮಾತ್ರ. ತಾನೇ ಟಿಕೆಟ್ ತೆಗೆಸಿ, ಅಣ್ಣನದೋ ಭಾವನದೋ ಖೋಲಿಗೆ ಬಂದಿಳಿದವನು ಆ ಕಾಯ್ದೆಯ ಲೆಕ್ಕಕ್ಕೇ ಇಲ್ಲ. ನಮ್ಮಲ್ಲಿ ಹೆಚ್ಚಿನವರ ಅಜ್ಜಂದಿರು ಮುಂಬಯಿಗೆ ಬಂದದ್ದು ಹೀಗೇ ಅಲ್ಲವೇ? ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು! ಅವರ ಹೆಸರೂ ಯಾವ ಗುತ್ತಿಗೆದಾರನ ಪುಸ್ತಕದಲ್ಲೂ ಇರಲಿಲ್ಲ.

ಪುಸ್ತಕದಲ್ಲಿ ಹೆಸರಿಲ್ಲದವರನ್ನು ಮನೆಗೆ ಕಳಿಸುವುದು ಹೇಗೆ? ಮೇ 1ರಿಂದ ಶ್ರಮಿಕ್ ರೈಲುಗಳು ಹೊರಟವು. ಆಗಸ್ಟ್ ಕೊನೆಯವರೆಗೆ 4,621 ರೈಲುಗಳು, 63 ಲಕ್ಷ ಜನ. ಟಿಕೆಟ್ಟಿನ ದುಡ್ಡು ಕಾರ್ಮಿಕರಿಂದ ಕೀಳಬಾರದು ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಮೇ 28 ಆಗಿತ್ತು. ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ ಸರ್ಕಾರ ಕೊಟ್ಟ ಲೆಕ್ಕ: ಊರಿಗೆ ಮರಳಿದವರು ಒಂದು ಕೋಟಿ ಆರು ಲಕ್ಷ. ದಾರಿಯಲ್ಲಿ ಸತ್ತವರೆಷ್ಟು? ಅದರ ಲೆಕ್ಕ ಇಟ್ಟಿಲ್ಲ ಎಂಬ ಉತ್ತರ ಬಂತು.

ನಮ್ಮ ಕರ್ನಾಟಕವೇನು ಕಡಿಮೆಯೇ? ಮೇ ಮೊದಲ ವಾರ ಬಿಲ್ಡರುಗಳ ಜತೆ ಸಭೆಯಾದ ಬೆನ್ನಿಗೇ ಕಾರ್ಮಿಕರ ರೈಲುಗಳು ಬೇಡ ಎಂದಿತು ರಾಜ್ಯ ಸರ್ಕಾರ. ಛೀಮಾರಿ ಬಿದ್ದ ಮೇಲೆ ಮತ್ತೆ ಒಪ್ಪಿತು. ಮೇ 18ಕ್ಕೆ ಇನ್ನೊಂದು ಆದೇಶ: ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ. ಮಂಡ್ಯದವರು, ಉಡುಪಿಯವರು, ಕಲಬುರಗಿಯವರು ಎಷ್ಟೋ ಮಂದಿ ಇತ್ತ ಕಾಯುತ್ತಿದ್ದರು. ಸೋಂಕಿನ ಭಯ ನಿಜವೇ, ಒಪ್ಪೋಣ. ಆದರೂ ಆ ವಾರ "ಮುಂಬಯಿಯವರು" ಎಂಬ ಪದವನ್ನು ಊರಿನ ನೆಂಟರ ಬಾಯಲ್ಲೇ ಕೇಳಿದ್ದೀರಲ್ಲ, ಅದರ ರುಚಿ ನಿಮಗೆ ಮರೆತಿರಲಾರದು. ಇಲ್ಲಿ ನಾವು "ಬಾಹೇರ್ಚೆ", ಅಲ್ಲಿ ಮುಂಬಯಿಯವರು.

ಆ ಸೈಕಲ್ಲುಗಳ ಗತಿ ಏನಾಯಿತು ಗೊತ್ತೇ? ಪಂಜಾಬ್, ಹರಿಯಾಣದಿಂದ ಬಂದವರನ್ನು ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿ ತಡೆದು, ಸೈಕಲ್ ಇರಿಸಿಕೊಂಡು, ಬಸ್ಸು ರೈಲು ಹತ್ತಿಸಿ ಕಳಿಸಿದ್ದರು. ಹಲವರು ಆಮೇಲೆ ಬಂದು ಒಯ್ದರು. ಎರಡು ವರ್ಷವಾದರೂ ಯಾರೂ ಒಯ್ಯದ 5,400 ಸೈಕಲ್ಲುಗಳನ್ನು 2022ರಲ್ಲಿ ಹರಾಜು ಹಾಕಿದರು. ಬಂದದ್ದು ಸುಮಾರು 21 ಲಕ್ಷ. ಒಂದಕ್ಕೆ ನಾನೂರು ರೂಪಾಯಿಯೂ ಬೀಳಲಿಲ್ಲ.

ಆಮೇಲೆ ಕೆಲವು ಬದಲಾದವು. 2021ರ ಆಗಸ್ಟಿನಲ್ಲಿ ಇ-ಶ್ರಮ್ ನೋಂದಣಿ ಬಂತು. 1979ರ ಕಾಯ್ದೆಯನ್ನು ನುಂಗಿದ ಹೊಸ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಯಾಯಿತು. ತಾನಾಗಿಯೇ ಬಂದ ಕೆಲಸಗಾರನೂ ಅದರಲ್ಲಿ ವಲಸೆ ಕಾರ್ಮಿಕನೇ. ಪರರಾಜ್ಯದವರು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಖರ್ಚನ್ನು ಮಾಲೀಕ ಕೊಡಬೇಕು. ಷರತ್ತುಗಳಿವೆ, ವೇತನದ ಮಿತಿಯೂ ಇದೆ.

ಇದನ್ನು ನಿಮಗೇ ಏಕೆ ಹೇಳುತ್ತಿದ್ದೇನೆಂದರೆ, ಡೊಂಬಿವಲಿ, ಠಾಣೆ, ವಾಶಿಯಲ್ಲಿ ಹೋಟೆಲು ನಡೆಸುವ ನಮ್ಮವರು ಬಹಳ. ಈಗ ಅಲ್ಲಿ ಲೋಟ ತೊಳೆಯುವವನು ಕುಂದಾಪುರದ ಹುಡುಗನಲ್ಲ, ಬಿಹಾರದವನು, ಒಡಿಶಾದವನು. ಅವನಿಗೆ ಪಿಎಫ್, ಇಎಸ್‌ಐ ಇಲ್ಲದಿದ್ದರೆ ಇ-ಶ್ರಮ್ ಕಾರ್ಡಾದರೂ ಇದೆಯೇ ಎಂದು ನಾಳೆ ಬೆಳಗಿನ ಚಹಾ ಹೊತ್ತಿಗೆ ಒಮ್ಮೆ ಕೇಳಿ. ಸಹಾಯವಾಣಿ 14434. ಈ ಸಲ ಇದನ್ನು ಯಾರೂ ಬರೆದುಕೊಟ್ಟಿಲ್ಲ, ನಾನೇ ಹೇಳುತ್ತಿದ್ದೇನೆ.

ನಾಕಾ ಕೇಳಿದ ಆ ಯಾದಗಿರಿಯವರು ಮತ್ತೆ ಫೋನ್ ಮಾಡಲಿಲ್ಲ. ಇದು ಕಿವಿಗೆ ಬಿದ್ದರೆ, ಊರು ಮುಟ್ಟಿದ ಸುದ್ದಿ ತಿಳಿಸಿ. ಹಾಡೂ ಕೇಳಿ, ಹಾಕುತ್ತೇನೆ.