ನಾಳೆಯೂ ಇದೇ ಕಾಫಿ

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಚೆನ್ನೈಯಲ್ಲಿ ನಿಂತು ಕಾಫಿಯ ವಿಷಯ ಮಾತನಾಡುವುದೆಂದರೆ ಕುಂಬಾರರ ಕೇರಿಯಲ್ಲಿ ಮಡಕೆ ಮಾರಿದಂತೆ ಎಂದು ತಾವು ನಗಬಹುದು. ನಗಿರಿ. ಆದರೆ ಈ ನಾಡಿನಲ್ಲಿ ಕಾಫಿಯ ಗಿಡ ಮೊದಲು ಬೇರೂರಿದ್ದು ನಮ್ಮ ಬಾಬಾ ಬುಡನ್ ಗಿರಿಯಲ್ಲಿ ಎಂಬ ಪ್ರತೀತಿಯಿರುವಾಗ ನಾವು ಸುಮ್ಮನಿರುವುದು ಹೇಗೆ? ಒಳ್ಳೆಯ ಕಾಫಿ ಎಲ್ಲರ ಮನೆಯಲ್ಲೂ ಒಂದೊಂದು ದಿನ ಆಗುತ್ತದೆ. ಮಾರನೆಯ ದಿನವೂ ಅದು ಹಾಗೆಯೇ ಆಗಬೇಕಾದರೆ ಏನು ಮಾಡಬೇಕು ಎಂಬುದೇ ಇಂದಿನ ಮಾತು.

ಈ ಚಿಂತೆ ನಮಗೆ ಹತ್ತಿದ್ದು ತಾಯಿಯವರಿಂದ. ತಂದೆಯವರು ತೀರಿಕೊಂಡ ಮೇಲೆ, 2019ರ ಬೇಸಗೆಯ ಮೊದಲಲ್ಲಿ, ಅವರು ಸಕಲೇಶಪುರದ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದರು. ಭಾಷೆ ಬಾರದ ಊರು, ನಾಲ್ಕನೆಯ ಮಹಡಿಯ ಮನೆ, ಮಾತಿಗೆ ಜನವಿಲ್ಲ. ಬೆಳಗಿನ ಕಾಫಿಯೊಂದೇ ಅವರಿಗೆ ಪರಿಚಯದ ವಸ್ತು. ಅದನ್ನೂ ನಾವು ಸರಿಯಾಗಿ ಕೊಡಲಿಲ್ಲ. ಮನೆಯಲ್ಲಿ ಕಾಫಿ ಮಾಡುವವರು ನಾವಿಬ್ಬರು, ಗಂಡಹೆಂಡಿರು. ಒಂದು ದಿನ ಕಷಾಯ, ಒಂದು ದಿನ ಕಲಗಚ್ಚು. ಅವರು ಒಂದು ಗುಟುಕು ಕುಡಿದು, “ಇವತ್ತು ಬೆರೆಸಿದ್ದು ಯಾರಪ್ಪಾ?” ಎಂದು ಕೇಳಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಡುವರು. ಬಯ್ದಿದ್ದರೆ ವಾಸಿಯಿತ್ತು.

ಪರವೂರಿನಲ್ಲಿರುವವರೆಲ್ಲ ಹೇಳುವುದನ್ನೇ ನಾವೂ ಹೇಳಿದೆವು: “ಈ ಊರಿನ ನೀರೇ ಸರಿಯಿಲ್ಲಮ್ಮ.” ಇದು ಅರ್ಧ ನಿಜ. ಆ ವರ್ಷ ಜೂನ್ ವೇಳೆಗೆ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಈ ನಾಲ್ಕು ಕೆರೆಗಳೂ ಬಹುಮಟ್ಟಿಗೆ ಬತ್ತಿಹೋಗಿದ್ದುವು. ನಮ್ಮ ಮನೆಗೆ ಒಂದು ದಿನ ಲಾರಿಯ ನೀರು, ಒಂದು ದಿನ ಕೊಳವೆಬಾವಿಯದು, ಎರಡೂ ಇಲ್ಲದಾಗ ಅಂಗಡಿಯ ಕ್ಯಾನು. ಗಡಸು ನೀರಿನ ಸುಣ್ಣದಂಶ ಕಾಫಿಯ ಹುಳಿಯನ್ನು ಅಡಗಿಸಿ ರುಚಿಯನ್ನು ಸಪ್ಪೆ ಮಾಡುತ್ತದೆ; ಲವಣವನ್ನು ಸೋಸಿ ತೆಗೆದ ಕ್ಯಾನಿನ ನೀರಿನಲ್ಲಿ ಅದೇ ಪುಡಿ ಬೇರೆಯೇ ಆಗುತ್ತದೆ. ಆದ್ದರಿಂದ ಡಿಕಾಕ್ಷನ್ನಿಗೆ ಕ್ಯಾನಿನ ನೀರೊಂದೇ ಎಂದು ಗೊತ್ತುಮಾಡಿದೆವು. ಅದು ಉತ್ತಮವೆಂದಲ್ಲ, ದಿನವೂ ಒಂದೇ ಎಂದು. ಬೇಕಾದದ್ದು ಪಾವು ನೀರು, ಖರ್ಚು ಹೆಚ್ಚೇನಲ್ಲ. ಕಾಫಿ ಸುಧಾರಿಸಿತು. ಆದರೂ ಏರಿಳಿತ ನಿಲ್ಲಲಿಲ್ಲ. ಉಳಿದರ್ಧ ತಪ್ಪು ನಮ್ಮ ಕೈಯದು.

ನಮ್ಮಲ್ಲಿ ಒಬ್ಬರು ಚಮಚೆಯಲ್ಲಿ ಪುಡಿಯನ್ನು ಗೋಪುರವಾಗಿ ತುಂಬುವರು, ಇನ್ನೊಬ್ಬರು ತಲೆಸಮ. ಒಬ್ಬರು ಒತ್ತುಬಿಲ್ಲೆಯನ್ನು ಬಲವಾಗಿ ಅದುಮುವರು, ಇನ್ನೊಬ್ಬರು ಸುಮ್ಮನೆ ಇಡುವರು. ಕೇಳಿದರೆ ಇಬ್ಬರದೂ ಒಂದೇ ಉತ್ತರ: ಕಣ್ಣಂದಾಜು! ಈ ಕಣ್ಣಂದಾಜು ಐವತ್ತು ವರ್ಷ ಒಂದೇ ಒಲೆಯ ಮುಂದೆ ನಿಂತವರಿಗೆ ಸಲ್ಲುತ್ತದೆ. ಊರೂರಿಗೆ ವರ್ಗವಾಗಿ, ಮನೆ ಬದಲಾಯಿಸಿ, ಪಾತ್ರೆ ಬದಲಾಯಿಸಿ ಬದುಕುವ ನಮ್ಮಂಥವರಿಗೆ ತಕ್ಕಡಿಯೇ ಗತಿ.

ಸಣ್ಣ ತಕ್ಕಡಿಯೊಂದನ್ನು ಕೊಂಡೆವು. ಮೂವರಿಗೆ 30 ಗ್ರಾಂ ಪುಡಿ, 200 ಮಿಲಿಲೀಟರ್ ನೀರು. ಪುಡಿ ತನ್ನ ತೂಕದ ಸುಮಾರು ಇಮ್ಮಡಿ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೆಳಗಿಳಿಯುವುದು 140ರಷ್ಟು. ತಲೆಗೆ 45, ಅದಕ್ಕೆ 100 ಹಾಲು. ನೀರು ಮರಳಿದ ಮೇಲೆ ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು, ನಿಧಾನವಾಗಿ ಸುತ್ತಲೂ ಹೊಯ್ದು ಮುಚ್ಚಬೇಕು. ಆಮೇಲೆ ಫಿಲ್ಟರನ್ನು ತಟ್ಟುವುದು, ಅಲ್ಲಾಡಿಸುವುದು ಕೂಡದು, ಗಡಿಯಾರ ನೋಡಿರಿ. ನಮ್ಮ ಫಿಲ್ಟರಿನಲ್ಲಿ 15ರಿಂದ 20 ನಿಮಿಷಕ್ಕೆ ಇಳಿದರೆ ಸರಿ. ಐದೇ ನಿಮಿಷಕ್ಕೆ ಧಾರೆಯಾಗಿ ಸುರಿದರೆ ಪುಡಿ ತರಿ, ಅಥವಾ ಒತ್ತಿದ್ದು ಸಾಲದು. ಗಂಟೆಯಾದರೂ ಮೇಲೆಯೇ ನಿಂತಿದ್ದರೆ ಪುಡಿ ತೀರ ನಯ, ಇಲ್ಲವೆ ತೂತು ಕಟ್ಟಿದೆ. ಕಟ್ಟಿದ್ದರೆ ಮೇಲಿನ ಡಬ್ಬಿಯ ತಳವನ್ನು ಉರಿಯ ಮೇಲೆ ಹಿಡಿದು, ಆರಿದ ಮೇಲೆ ಉಜ್ಜಿ ತೊಳೆಯುವ ಹಳೆಯ ಉಪಾಯಕ್ಕಿಂತ ಮೇಲಾದದ್ದನ್ನು ನಾವು ಕಾಣೆವು. ಇಳಿದ ಡಿಕಾಕ್ಷನ್ನನ್ನು ಮಾತ್ರ ಉರಿಯ ಮೇಲಿಡಬೇಡಿ. ಹಾಲಿನ ಬಿಸಿಯೇ ಸಾಕು.

ಬೀಸಿದ ಪುಡಿಯ ಪರಿಮಳ ಬೇಗ ಹಾರುವುದರಿಂದ ವಾರಕ್ಕೆ ಬೇಕಾದಷ್ಟನ್ನೇ ಕೊಳ್ಳಿರಿ. ಚಿಕೋರಿ ಎಷ್ಟೆಂಬುದನ್ನು ಅಂಗಡಿಯವನಿಗೆ ಬಿಡದೆ ನೀವೇ ಹೇಳಿರಿ. ನಮ್ಮದು ನೂರಕ್ಕೆ 20. ಮಿಶ್ರಣದಲ್ಲಿ ನೂರಕ್ಕೆ 49ರವರೆಗೂ ಚಿಕೋರಿಯಿರಲು ಕಾಯಿದೆ ಒಪ್ಪುತ್ತದೆ. ಪೊಟ್ಟಣದ ಸಣ್ಣಕ್ಷರ ಓದದೆ ಕೊಂಡು, ಆಮೇಲೆ ನೀರನ್ನು ಬಯ್ಯುವುದು ನ್ಯಾಯವಲ್ಲ. ಚಿಕೋರಿ ಬೇಡವೇ ಬೇಡವೆನ್ನುವ ಮಿತ್ರರೂ ಈ ಸಭೆಯಲ್ಲಿದ್ದಾರೆ; ಅವರೊಡನೆ ಜಗಳ ಊಟವಾದ ಮೇಲೆ.

ಹದಿನೈದು ದಿನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪುಡಿ, ನೀರು, ಇಳಿದ ಹೊತ್ತು ಎಲ್ಲವನ್ನೂ ಬರೆದಿಟ್ಟೆವು. ಒಂದು ದಿನಕ್ಕೆ ಒಂದನ್ನೇ ಬದಲಾಯಿಸುವುದೆಂದು ಒಪ್ಪಂದ. “ಕಾಫಿಗೂ ಜಮಾಖರ್ಚೇ!” ಎಂದು ತಾಯಿಯವರು ನಕ್ಕರು. ಎಂಟನೆಯ ದಿನ ಅವರೇ ಅಡಿಗೆಮನೆಗೆ ಬಂದು, “ಅಷ್ಟು ಒತ್ತಬೇಡ್ರೋ, ಬೆರಳಿನ ಭಾರ ಸಾಕು” ಎಂದು ಬಿಲ್ಲೆ ಒತ್ತುವ ಹದ ತೋರಿಸಿದರು. ಇದನ್ನು ನಮ್ಮ ತಕ್ಕಡಿ ಹೇಳಿರಲಿಲ್ಲ. ಅಂದಿನಿಂದ ಒತ್ತುವ ಕೆಲಸ ಅವರದೇ. ಯಾರು ಬೆರೆಸಿದ್ದೆಂಬ ಪ್ರಶ್ನೆ ನಿಂತದ್ದು ಯಾವ ದಿನವೋ, ಅದೊಂದನ್ನು ಬರೆದಿಡಲು ಮರೆತೆವು.

ಹೊರಗೆ ದೊಡ್ಡ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿದೆಯೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ನೀರು ಯಾವುದೆಂದು ಕೇಳಿಕೊಂಡು ಬರುತ್ತೇವೆ.