ವರ್ತನೆಯ ಲೆಕ್ಕ

ಹಾಲಿನ ವರ್ತನೆ, ಪತ್ರಿಕೆಯ ವರ್ತನೆ ಎಂಬ ಮಾತು ನಮ್ಮ ಹಿರಿಯರಿಗೆ ಚಿರಪರಿಚಿತ. ಹಾಲಿನವಳು ಬಂದುಹೋದಳೆಂದರೆ ಗೃಹಿಣಿ ಅಡುಗೆಮನೆಯ ಗೋಡೆಗೋ ಕ್ಯಾಲೆಂಡರಿಗೋ ಒಂದು ಗೀಟು ಹಾಕುವಳು. ತಿಂಗಳ ಕೊನೆಗೆ ಗೀಟುಗಳನ್ನೆಣಿಸಿ, ಕೈಯಿಂದ ಕೈಗೆ ಹಣ ಸಂದಾಯವಾಗುತ್ತಿತ್ತು. ರೇಡಿಯೋ ಇದ್ದವರು ವರ್ಷಕ್ಕೊಮ್ಮೆ ಲೈಸೆನ್ಸ್ ಪುಸ್ತಕ ಹಿಡಿದು ಅಂಚೆ ಕಚೇರಿಯ ಕಿಟಕಿಯ ಮುಂದೆ ನಿಲ್ಲುತ್ತಿದ್ದರು; ಆ ಲೈಸೆನ್ಸು 1980ರ ದಶಕದಲ್ಲಿ ರದ್ದಾಯಿತು. ಸಾಲಿನಲ್ಲಿ ನಿಲ್ಲುವುದು ಬೇಸರದ ಕೆಲಸವೇ ಸರಿ. ಆದರೆ ದುಡ್ಡು ಹೋದದ್ದು ಕಾಲಿಗೂ ತಿಳಿಯುತ್ತಿತ್ತು!

ಇಂದಿನ ವರ್ತನೆಗಳಿಗೆ ಗೀಟಿಲ್ಲ. ಸಿನಿಮಾ ನೋಡುವುದಕ್ಕೊಂದು ಚಂದಾ, ಹಾಡು ಕೇಳುವುದಕ್ಕಿನ್ನೊಂದು, ಫೋನಿನ ಫೋಟೋಗಳನ್ನು ಕಾಪಿಡುವುದಕ್ಕೆ ಮತ್ತೊಂದು. ಒಮ್ಮೆ ಒಪ್ಪಿಗೆ ಕೊಟ್ಟರಾಯಿತು, ಹಣ ತಾನಾಗಿಯೇ ಹೋಗುತ್ತಿರುತ್ತದೆ. ತಿಂಗಳಿಗೆ 149 ರೂಪಾಯಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ವರ್ಷಕ್ಕೆ 1,788 ರೂಪಾಯಿ ಎಂದು ಹೇಳಿ ನೋಡಿ. ಅಂಥವು ನಾಲ್ಕಿದ್ದರೆ 7,152.

ಇದರಿಂದ ಬರುವ ತೊಂದರೆ ಇಷ್ಟಕ್ಕೇ ನಿಲ್ಲದು. ನಿವೃತ್ತರೊಬ್ಬರ ಪಿಂಚಣಿ ಖಾತೆಯನ್ನು ನೆನೆಯಿರಿ. ಮೊಮ್ಮಗ ಅಜ್ಜನ ಫೋನಿನಲ್ಲಿ ಒಂದು ರೂಪಾಯಿಗೆ ಯಾವುದೋ ಆಟವನ್ನು ತೆರೆದಿದ್ದಾನೆ. ಕೆಲವು ದಿನ ಕಳೆದ ಮೇಲೆ ಪೂರ್ತಿ ಚಂದಾ ಶುರು. ಆಟ ಬೇಸರವಾಗಿ ಆ್ಯಪನ್ನು ಅಳಿಸಿಯೂ ಆಯಿತು. ಆದರೆ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಹೀಗೆ ಖಾತೆ ಬರಿದಾದಾಗಲೇ ಜೀವವಿಮೆಯ ಕಂತಿನ ದಿನ ಬಂದರೆ? ಕಂತು ವಾಪಸ್ಸು ಹೋಗುತ್ತದೆ, ಬ್ಯಾಂಕು ದಂಡ ಹಾಕಬಹುದು. ಮಾಸಿಕ ಕಂತಾದರೆ ರಿಯಾಯಿತಿ ಅವಧಿ 15 ದಿನ ಮಾತ್ರ. ಅದೂ ಮೀರಿದರೆ ಪಾಲಿಸಿಯೇ ಸ್ಥಗಿತ. ಯಾರದೋ ಆಟಕ್ಕೆ ಅಜ್ಜಿಯ ಆಸರೆ ಹೋಯಿತೆಂದರೆ ನಗುವ ಮಾತಲ್ಲ.

ಸರಕಾರ ಸುಮ್ಮನೆ ಕುಳಿತಿಲ್ಲ. ರಿಸರ್ವ್ ಬ್ಯಾಂಕಿನ ನಿಯಮವು 2021ರ ಅಕ್ಟೋಬರ್ 1ರಿಂದ ಬಿಗಿಯಾಗಿ ಜಾರಿಗೆ ಬಂದಿತು. ಕಾರ್ಡಿನ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ನಿಮಗೆ ಸೂಚನೆ ಬರಬೇಕು, ಬೇಡವೆನ್ನಲು ಅವಕಾಶವೂ ಇರಬೇಕು. ಚಂದಾದಿಂದ ಹೊರಬರಲು ಬಿಡದೆ ಸತಾಯಿಸುವುದನ್ನು 2023ರ ನವೆಂಬರಿನಲ್ಲಿ ಕೇಂದ್ರ ಸರಕಾರ ಪಟ್ಟಿಮಾಡಿದ 13 ಮೋಸದ ಬಗೆಗಳಲ್ಲಿ ಸೇರಿಸಲಾಗಿದೆ. ಆದರೇನು, ಆ ಸೂಚನೆ ಬರುವುದು ಜಾಹೀರಾತುಗಳ ಗುಂಪಿನಲ್ಲಿ. ನಾವು ಓದದೆ ತಳ್ಳುತ್ತೇವೆ.

ಆದ್ದರಿಂದ ಮನೆವಾರ್ತೆಯ ಲೆಕ್ಕದ ಪುಸ್ತಕದಲ್ಲಿ ಒಂದು ಹಾಳೆಯನ್ನು ಇದಕ್ಕೇ ಮೀಸಲಿಡಿ. ಚಂದಾ ಯಾವುದು, ಎಷ್ಟು, ಯಾರ ಖಾತೆಯಿಂದ, ಯಾವ ತಾರೀಖು, ಇಷ್ಟು ಸಾಕು. ಪಟ್ಟಿ ಮಾಡಲು ಒಂದಿಡೀ ವರ್ಷದ ಬ್ಯಾಂಕ್ ಲೆಕ್ಕಪಟ್ಟಿಯನ್ನು ಓದಬೇಕು, ಏಕೆಂದರೆ ವಾರ್ಷಿಕ ಚಂದಾ ಒಂದು ತಿಂಗಳ ಪಟ್ಟಿಯಲ್ಲಿ ಸಿಗದು. ಯುಪಿಐ ಮೂಲಕ ಕೊಟ್ಟ ಒಪ್ಪಿಗೆಗಳು ಆಯಾ ಆ್ಯಪಿನ 'ಆಟೋಪೇ' ಪುಟದಲ್ಲಿರುತ್ತವೆ, ಅಲ್ಲೇ ರದ್ದುಮಾಡಬಹುದು. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಬರೆದರೆ ಗಂಡನೂ ಹೆಂಡತಿಯೂ ಒಂದೇ ಚಂದಾಕ್ಕೆ ಬೇರೆಬೇರೆ ಹಣ ಕಟ್ಟುತ್ತಿರುವುದು ಹೊರಬಿದ್ದರೂ ಆಶ್ಚರ್ಯವಿಲ್ಲ. ವಾರ್ಷಿಕ ಚಂದಾದ ತಾರೀಖಿಗೆ ಒಂದು ವಾರ ಮುಂಚೆಯೇ ಕ್ಯಾಲೆಂಡರಿನಲ್ಲಿ ಗೀಟು ಹಾಕಿಡಿ.

ರದ್ದು ಮಾಡಿದ ಮೇಲೆ ಬರುವ ಸಂದೇಶವನ್ನು ಅಳಿಸಬೇಡಿ. ಮುಂದಿನ ತಿಂಗಳೂ ಹಣ ಹೋದರೆ ಬ್ಯಾಂಕಿಗೆ ತೋರಿಸಲು ಅದೇ ಆಧಾರ. ಅಲ್ಲಿಯೂ ಪರಿಹಾರ ಕಾಣದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.